ಮಳೆಗಾಲದ ಮಲೆನಾಡಿನಲ್ಲಿ ಗ್ಲಾಸ್ ಅಯನೋಮರ್: ಹಲ್ಲು ತುಂಬುವಾಗ ನೀರನ್ನು ಹಿಡಿತದಲ್ಲಿಡುವ ಬಗೆ

ಜೂನ್ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ದಂತ ಕ್ಲಿನಿಕ್‌ಗಳಲ್ಲಿ ಗೋಡೆ ಬೆವರುತ್ತದೆ, ಬಾಯಿಗನ್ನಡಿ ಮಬ್ಬಾಗುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ತುಂಬಿದ ಸಿಮೆಂಟ್ ಉದುರಿ ರೋಗಿ ಮರಳಿ ಬಂದರೆ ಮೊದಲ ದೂರು ಸಾಮಗ್ರಿಯ ಮೇಲೆ ಬೀಳುತ್ತದೆ. ಆದರೆ ಗ್ಲಾಸ್ ಅಯನೋಮರ್ ಎಂಬ ಹಲ್ಲು ತುಂಬುವ ಸಿಮೆಂಟಿನ ವಿಷಯದಲ್ಲಿ ಸೋಲಿನ ಮೂಲ ಬಹಳ ಸಲ ನೀರೇ: ಬೇಡದ ಹೊತ್ತಿನಲ್ಲಿ ಒಳಗೆ ಹೋಗಿರುತ್ತದೆ, ಇಲ್ಲವೇ ಬೇಕಾದ ಹೊತ್ತಿನಲ್ಲಿ ಹೊರಗೆ ಹೋಗಿರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ, ಸಣ್ಣ ಊರಿನ ಕ್ಲಿನಿಕ್‌ನಲ್ಲಿ, ಕಾಫಿ ತೋಟದ ಲೈನ್ ಮನೆಗಳ ಪಕ್ಕ ನಡೆಯುವ ಶಿಬಿರದಲ್ಲಿ ಕೆಲಸ ಮಾಡುವ ಕಿರಿಯ ದಂತವೈದ್ಯರಿಗೂ ಅವರ ಸಹಾಯಕರಿಗೂ ಈ ಬರಹ.

ಈ ಸಿಮೆಂಟ್ ಗಟ್ಟಿಯಾಗುವುದು ಹೇಗೆ

ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1960ರ ದಶಕದ ಕೊನೆಗೆ ಇದನ್ನು ರೂಪಿಸಿದರು. ಪುಡಿ ಎಂದರೆ ನುಣ್ಣಗೆ ಅರೆದ ಗಾಜು. ಅದರಲ್ಲಿ ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ, ಅಲ್ಯೂಮಿನಿಯಂ, ಸಿಲಿಕಾ, ಫ್ಲೋರೈಡ್ ಇವೆ. ದ್ರವ ಎಂದರೆ ಪಾಲಿಅಕ್ರಿಲಿಕ್ ಆಮ್ಲದ ಗಟ್ಟಿ ದ್ರಾವಣ. ಕೆಲಸಕ್ಕೆ ಸಾಕಷ್ಟು ಸಮಯ ಸಿಕ್ಕು ಆಮೇಲೆ ಚುರುಕಾಗಿ ಗಟ್ಟಿಯಾಗಲೆಂದು ಅದಕ್ಕೆ ಸ್ವಲ್ಪ ಟಾರ್ಟಾರಿಕ್ ಆಮ್ಲ ಸೇರಿಸಿರುತ್ತಾರೆ. ಎರಡೂ ಸೇರಿದಾಗ ಆಮ್ಲ ಗಾಜಿನ ಕಣಗಳ ಮೈಯನ್ನು ಕರಗಿಸಿ ಅಯಾನುಗಳನ್ನು ಬಿಡಿಸುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಆಮ್ಲದ ಸರಪಳಿಗಳನ್ನು ಕಟ್ಟಿಹಾಕುತ್ತವೆ. ಸಿಮೆಂಟ್ ಮುಟ್ಟಿದರೆ ಗಟ್ಟಿ ಎನಿಸುವುದು ಆಗ. ನಿಜವಾದ ಬಲ ಕೊಡುವ ಅಲ್ಯೂಮಿನಿಯಂ ನಿಧಾನಿ, ಅದರ ಕೆಲಸಕ್ಕೆ ಸುಮಾರು ಒಂದು ದಿನ ಬೇಕು. ಆಮೇಲೂ ವಾರಗಟ್ಟಲೆ ಬಲ ಏರುತ್ತಲೇ ಇರುತ್ತದೆ.

ಎರಡು ಅಪಾಯ ಹುಟ್ಟುವುದು ಇಲ್ಲಿಂದಲೇ. ಮೊದಲ ನಿಮಿಷಗಳಲ್ಲಿ ಜೊಲ್ಲು ಅಥವಾ ನೀರು ತಾಕಿದರೆ ಇನ್ನೂ ಕಟ್ಟಿಗೆ ಸಿಗದ ಅಯಾನುಗಳು ಕೊಚ್ಚಿಹೋಗುತ್ತವೆ. ಮೇಲ್ಮೈ ಸುಣ್ಣದಂತೆ ಬೆಳ್ಳಗಾಗಿ ಬೇಗ ಸವೆಯುತ್ತದೆ. ಹಾಗೆಂದು ಗಾಳಿ ಊದಿ ಒಣಗಿಸಿದರೆ ಸಿಮೆಂಟ್ ತನ್ನೊಳಗಿನ ನೀರನ್ನೇ ಕಳೆದುಕೊಂಡು ಕೂದಲೆಳೆಯ ಬಿರುಕು ಬಿಡುತ್ತದೆ. ನೀರು ಈ ಸಿಮೆಂಟಿನ ಅಂಗವೇ ಹೌದು, ಅದಿಲ್ಲದೆ ರಾಸಾಯನಿಕ ಕ್ರಿಯೆ ನಡೆಯದು. ಮುಂದೆ ಹೇಳುವ ಹಂತಗಳಲ್ಲಿ ಅರ್ಧಕ್ಕರ್ಧ ಈ ಎರಡು ತುದಿಗಳ ನಡುವೆ ಉಳಿಯುವುದಕ್ಕಾಗಿಯೇ ಇವೆ.

ಇಷ್ಟು ನಾಜೂಕಿನ ಸಿಮೆಂಟನ್ನೇ ಮಲೆನಾಡಿಗೆ ಹೇಳುವುದೇಕೆ? ಅದು ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಹೊದಿಕೆ) ಮತ್ತು ಅದರಡಿಯ ಡೆಂಟೀನ್‌ನಲ್ಲಿರುವ ಕ್ಯಾಲ್ಸಿಯಂಗೆ ರಾಸಾಯನಿಕವಾಗಿ ಅಂಟುತ್ತದೆ. ಬಿಸಿ ಕಾಫಿಗೂ ತಣ್ಣೀರಿಗೂ ಹೆಚ್ಚೂಕಡಿಮೆ ಹಲ್ಲಿನಷ್ಟೇ ಹಿಗ್ಗಿ ಕುಗ್ಗುತ್ತದೆ. ಫ್ಲೋರೈಡ್ ಬಿಡುತ್ತದೆ, ಪೇಸ್ಟಿನಿಂದ ಮತ್ತೆ ಹೀರಿಕೊಳ್ಳುತ್ತದೆ. ಗಟ್ಟಿಯಾಗಲು ಲೈಟ್ ಬೇಡ, ಕರೆಂಟ್ ಬೇಡ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಆರಂಭವಾಗಿ, 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸಿದ ಎಆರ್‌ಟಿ ಪದ್ಧತಿ, ಅಂದರೆ ಡ್ರಿಲ್ ಇಲ್ಲದೆ ಕೈ ಉಪಕರಣಗಳಿಂದಲೇ ಹುಳುಕು ತೆಗೆದು ತುಂಬುವ ಪದ್ಧತಿ, ನಿಂತಿರುವುದು ಇದೇ ಸಿಮೆಂಟಿನ ಮೇಲೆ.

ಯಾವ ಹಲ್ಲಿಗೆ, ಯಾವುದಕ್ಕೆ ಬೇಡ

ದವಡೆ ಹಲ್ಲಿನ ಒಂದೇ ಮುಖದ ಸಣ್ಣ, ನಡುಗಾತ್ರದ ಕುಳಿ, ಮಕ್ಕಳ ಹಾಲುಹಲ್ಲು, ವಸಡಿನಂಚಿನಲ್ಲಿ ಹಲ್ಲುಜ್ಜಿ ಸವೆದ ಗುಂಡಿ: ಇವು ಗ್ಲಾಸ್ ಅಯನೋಮರ್‌ಗೆ ಹೇಳಿಮಾಡಿಸಿದ ಜಾಗಗಳು. ಇದ್ದಿಲು, ಉಪ್ಪಿನಲ್ಲಿ ಉಜ್ಜುವ ಅಭ್ಯಾಸ ಹಳೆ ತಲೆಮಾರಿನಲ್ಲಿ ಇನ್ನೂ ಇರುವುದರಿಂದ ವಸಡಿನಂಚಿನ ಸವೆತ ಇಲ್ಲಿ ದಿನವೂ ಕಾಣುತ್ತದೆ. ಖಾಯಂ ದವಡೆ ಹಲ್ಲಿನಲ್ಲಿ ಎರಡು ಹಲ್ಲುಗಳ ನಡುವಿನ ಗೋಡೆಯೂ ಹೋಗಿದ್ದರೆ ಇದೊಂದನ್ನೇ ನೆಚ್ಚಬೇಡಿ, ಜಗಿಯುವ ಭಾರಕ್ಕೆ ಅಲ್ಲಿ ಮುರಿಯುತ್ತದೆ. ಎಲೆಅಡಿಕೆ ಜಗಿದು ಮೇಲ್ಮೈ ಚಪ್ಪಟೆಯಾದ ದವಡೆ ಹಲ್ಲಿಗೂ ಇದೇ ಮಾತು. ಅಡಿಕೆ ಜಗಿಯುವವರಲ್ಲಿ ಕುಳಿ ನೋಡುವ ಮೊದಲು ಕೆನ್ನೆಯ ಒಳಭಾಗ ಮುಟ್ಟಿ ನೋಡಿ. ಬಿಳಿಚಿದ ಗಟ್ಟಿ ಪಟ್ಟಿ, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಹಲ್ಲು ತುಂಬುವುದಕ್ಕಿಂತ ಅದು ದೊಡ್ಡ ವಿಷಯ, ತಡಮಾಡದೆ ತಜ್ಞರ ಬಳಿ ಕಳಿಸಿ.

ತಾನೇ ತಾನಾಗಿ ನೋವು ಬರುತ್ತಿದ್ದರೆ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ವಸಡಿನಲ್ಲಿ ಕೀವಿನ ಗುಳ್ಳೆ ಇದ್ದರೆ, ಹಲ್ಲು ತಟ್ಟಿದಾಗ ನೋಯುತ್ತಿದ್ದರೆ ಯಾವ ಸಿಮೆಂಟನ್ನೂ ಮುಚ್ಚಳದಂತೆ ಹಾಕಬೇಡಿ. ಅಲ್ಲಿ ಪಲ್ಪಿನ (ಹಲ್ಲಿನೊಳಗೆ ನರ, ರಕ್ತನಾಳ ಇರುವ ಭಾಗದ) ಚಿಕಿತ್ಸೆ ಅಥವಾ ಹಲ್ಲು ಕೀಳುವುದು ಮಾತ್ರ ದಾರಿ.

ಡಬ್ಬಿ, ಬಾಟಲಿ, ಗಾಜಿನ ಹಲಗೆ

ಚೀಲದಲ್ಲಿಟ್ಟ ಕಾಫಿ ಬೀಜ ಜುಲೈ ಗಾಳಿಯ ತೇವ ಹೀರಿ ಉಬ್ಬುವುದು ಹಾಸನ, ಚಿಕ್ಕಮಗಳೂರಿನವರಿಗೆ ಹೊಸತಲ್ಲ. ಮುಚ್ಚಳ ತೆರೆದಿಟ್ಟ ಸಿಮೆಂಟ್ ಪುಡಿಯ ಪಾಡೂ ಅದೇ. ಪುಡಿ ತೆಗೆದ ಕೂಡಲೇ ಮುಚ್ಚಿ. ಮಳೆಗಾಲ ಮುಗಿಯುವವರೆಗೆ ಡಬ್ಬಿಗಳನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಆದರೆ ಯಾವಾಗ ಬದಲಿಸಬೇಕೆಂದು ಕಣ್ಣಿಗೇ ತಿಳಿಯುತ್ತದೆ. ದ್ರವದ ಬಾಟಲಿಯನ್ನು ಫ್ರಿಜ್‌ನಲ್ಲಿಡಬೇಡಿ, ಆಮ್ಲ ದಪ್ಪಗಾಗಿ ಹನಿ ಸರಿಯಾಗಿ ಬೀಳುವುದಿಲ್ಲ. ಲೇಬಲ್ ಮೇಲಿನ ಅವಧಿ ಮುಗಿದ ದಿನಾಂಕವನ್ನು ಗಂಭೀರವಾಗಿ ತೆಗೆದುಕೊಳ್ಳಿ. ರೋಗಿಯ ಕಾರ್ಡಿನಲ್ಲಿ ಸಿಮೆಂಟಿನ ಹೆಸರಿನ ಜೊತೆ ಬ್ಯಾಚ್ ಸಂಖ್ಯೆಯನ್ನೂ ಬರೆಯಿರಿ. ಒಂದೇ ಬ್ಯಾಚಿನವು ಉದುರತೊಡಗಿದರೆ ಗೊತ್ತಾಗುವುದು ಹೀಗೆ ಮಾತ್ರ.

ಸಿಮೆಂಟ್ ಕಲಸುವ ಗಾಜಿನ ಹಲಗೆಯನ್ನು ತಣ್ಣಗೆ ಮಾಡಿದರೆ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗಿ ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ಏಪ್ರಿಲ್‌ನ ಕಡೂರು, ಅರಸೀಕೆರೆಗೆ ಈ ಸಲಹೆ ಸರಿ. ಜುಲೈ ತಿಂಗಳ ಮೂಡಿಗೆರೆಯಲ್ಲಿ ಅಪಾಯ. ಕೋಣೆಯ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ 90% ಇದ್ದರೆ ಸುಮಾರು 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಹಲಗೆ ಒರೆಸಿದ ಮರುಕ್ಷಣವೇ ಬೆವರುತ್ತದೆ, ಆ ನೀರು ನೇರ ಸಿಮೆಂಟಿಗೆ ಸೇರುತ್ತದೆ. ಪುಡಿ–ದ್ರವದ ಪ್ರಮಾಣ ಅಲ್ಲಿಗೇ ಕೆಟ್ಟಿತು. ಮಳೆಗಾಲದಲ್ಲಿ ಕೋಣೆಯ ಉಷ್ಣತೆಯ ಹಲಗೆ ಅಥವಾ ಬಿಸಾಡುವ ಕಾಗದದ ಪ್ಯಾಡ್ ಸಾಕು. ಪ್ಯಾಡಿನ ಮೇಲಿನ ಹಾಳೆ ಮೆತ್ತಗಾಗಿದ್ದರೆ ಅದನ್ನು ಹರಿದು ಕೆಳಗಿನದನ್ನು ಬಳಸಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಸಿಮೆಂಟ್ ತಾನಾಗಿಯೇ ನಿಧಾನವಾಗುತ್ತದೆ, ಆಗ ಗಟ್ಟಿಯಾಗುವವರೆಗೆ ಇನ್ನೂ ಸ್ವಲ್ಪ ಹೊತ್ತು ಒಣ ಜಾಗ ಕಾಪಾಡಬೇಕು.

ಕಲಸುವುದು

ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ದವಡೆ ಹಲ್ಲಿಗೆ ಬಳಸುವ ಗಟ್ಟಿ ಬಗೆಯ ಸಿಮೆಂಟಿನಲ್ಲಿ ಪುಡಿ 3.6 ಗ್ರಾಂಗೆ ದ್ರವ 1 ಗ್ರಾಂ ಎಂಬಂಥ ಪ್ರಮಾಣ ಇರುತ್ತದೆ. ಕ್ಯಾಪ್ ಅಂಟಿಸುವ ತೆಳು ಬಗೆಯಲ್ಲಿ 1.8ಕ್ಕೆ 1. ಒಂದರ ಚಮಚ ಇನ್ನೊಂದಕ್ಕೆ ನಡೆಯದು, ಒಂದು ಕಂಪನಿಯ ಪುಡಿಗೆ ಇನ್ನೊಂದರ ದ್ರವವೂ ನಡೆಯದು. ಪೆಟ್ಟಿಗೆಯೊಳಗಿನ ಸೂಚನಾಪತ್ರದ ಅಂಕಿಯನ್ನು ಗೋಡೆಗೆ ಅಂಟಿಸಿಟ್ಟರೆ ಸಹಾಯಕರು ಬದಲಾದಾಗಲೂ ಪ್ರಮಾಣ ಬದಲಾಗುವುದಿಲ್ಲ.

ಪುಡಿಯ ಬಾಟಲಿಯನ್ನು ಅಂಗೈಗೆ ಮೆಲ್ಲಗೆ ತಟ್ಟಿ ಪುಡಿ ಸಡಿಲಿಸಿ. ಚಮಚ ತುಂಬಿ ಬಾಟಲಿಯ ಅಂಚಿಗೆ ಸವರಿ ಸಮ ಮಾಡಿ, ಒತ್ತಿ ತುಂಬಬೇಡಿ. ಪುಡಿಯನ್ನು ಹಲಗೆಯ ಮೇಲೆ ಎರಡು ಸಮಭಾಗ ಮಾಡಿ. ದ್ರವದ ಬಾಟಲಿಯನ್ನು ಮೊದಲು ಅಡ್ಡ ಹಿಡಿದು ತುದಿಗೆ ದ್ರವ ಬರಲು ಬಿಡಿ, ಆಮೇಲೆ ನೇರ ತಲೆಕೆಳಗು ಮಾಡಿ ನಿಧಾನ ಒತ್ತಿ. ಗುಳ್ಳೆ ಇರುವ ಹನಿ ಚಿಕ್ಕದಾಗಿರುತ್ತದೆ, ಅದನ್ನು ಪಕ್ಕಕ್ಕೆ ಬೀಳಿಸಿ ಮುಂದಿನ ಹನಿ ಬಳಸಿ. ಓರೆ ಹಿಡಿದರೂ ಹನಿಯ ಗಾತ್ರ ಬದಲಾಗುತ್ತದೆ. ದ್ರವವನ್ನು ಮೊದಲೇ ಹಾಕಿಟ್ಟು ಕುಳಿ ತಯಾರಿಸಲು ಹೋಗಬೇಡಿ: ಬೇಸಿಗೆಯಲ್ಲಿ ಅದರ ನೀರು ಆರುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವ ಸೇರುತ್ತದೆ.

ಪ್ಲಾಸ್ಟಿಕ್ ಅಥವಾ ಅಗೇಟ್ ಸ್ಪ್ಯಾಚುಲಾ ಬಳಸಿ. ಲೋಹದ್ದಾದರೆ ಗಾಜಿನ ಪುಡಿ ಅದನ್ನು ಕೆರೆದು ಸಿಮೆಂಟ್ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಅರ್ಧ ಪುಡಿಯನ್ನು 10 ಸೆಕೆಂಡ್, ಉಳಿದದ್ದನ್ನು ಸೇರಿಸಿ 15 ಸೆಕೆಂಡ್; ಒಟ್ಟು ಅರ್ಧ ನಿಮಿಷದೊಳಗೆ ಮುಗಿಯಬೇಕು. ಹಲಗೆಯ ತುಂಬ ಹರಡಿ ತಿಕ್ಕದೆ ಚಿಕ್ಕ ಜಾಗದಲ್ಲಿ ಮಡಚಿ ಮಡಚಿ ಸೇರಿಸಿ. ಕೊನೆಯಲ್ಲಿ ಪುಡಿ ಉಳಿದಂತೆ ಕಂಡರೆ ಇನ್ನೊಂದು ಹನಿ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ತೆಳುವಾದ ಸಿಮೆಂಟ್ ಕುಳಿಗೆ ಸಲೀಸಾಗಿ ಇಳಿಯುತ್ತದೆ, ಆದರೆ ಬಲ ಕಡಿಮೆ, ಸವೆತ ಹೆಚ್ಚು, ಹಲ್ಲು ಜುಮ್ಮೆನ್ನುವುದೂ ಹೆಚ್ಚು.

ಸರಿಯಾಗಿ ಕಲಸಿದ್ದು ಮುದ್ದೆಯಾಗಿ ಮಿನುಗುತ್ತದೆ. ಆ ಮಿನುಗು ಎಂದರೆ ಹಲ್ಲಿಗೆ ಅಂಟಲು ಇನ್ನೂ ಆಮ್ಲದ ಗುಂಪುಗಳು ಖಾಲಿ ಉಳಿದಿವೆ ಎಂದರ್ಥ. ಮಿನುಗು ಆರಿ ಮಂಕಾಯಿತೋ ಅದನ್ನು ಬಿಸಾಡಿ ಹೊಸದು ಕಲಸಿ. ಮಂಕಾದದ್ದು ಕುಳಿ ತುಂಬುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಹಲ್ಲನ್ನು ಹಿಡಿಯುವುದಿಲ್ಲ. ಮುಂದೊಂದು ದಿನ ಇಡೀ ತುಂಡಾಗಿ ಕೈಗೆ ಬರುತ್ತದೆ. ಹೀಗೆ ಇಡಿಯಾಗಿ ಬಿದ್ದದ್ದು ಕಂಡರೆ ಮೊದಲು ಅನುಮಾನಿಸಬೇಕಾದ್ದು ಮಿನುಗನ್ನು, ಆಮೇಲೆ ಜೊಲ್ಲನ್ನು.

ಕುಳಿ ಸಿದ್ಧಪಡಿಸುವುದು

ಕಾಟನ್ ರೋಲ್ ಇಟ್ಟು ಜೊಲ್ಲು ತಡೆಯಿರಿ. ಮೇಲಿನ ದವಡೆಗೆ ಕೆನ್ನೆಯ ಕಡೆ ಒಂದು ಸಾಕು. ಕೆಳಗಿನದಕ್ಕೆ ಕೆನ್ನೆ, ನಾಲಿಗೆ ಎರಡೂ ಕಡೆ. ಕುಳಿಯ ಬಾಯಿ ಚಿಕ್ಕದಾಗಿದ್ದರೆ ಆಧಾರ ಕಳೆದುಕೊಂಡ ಎನಾಮಲ್ ಅಂಚನ್ನು ಕೈ ಉಪಕರಣವಾದ ಹ್ಯಾಚೆಟ್‌ನಿಂದ ಮುರಿದು ಅಗಲಿಸಿ. ಆಮೇಲೆ ಸ್ಪೂನ್ ಎಕ್ಸ್‌ಕವೇಟರ್‌ನಿಂದ ಮೆತ್ತನೆಯ ಹುಳುಕು ತೆಗೆಯಿರಿ. ಗೋಡೆಗಳಿಂದ ಆರಂಭಿಸಿ ತಳಕ್ಕೆ ಕೊನೆಯಲ್ಲಿ ಬನ್ನಿ. ಎನಾಮಲ್–ಡೆಂಟೀನ್ ಸೇರುವ ಗೆರೆಯ ಸುತ್ತ ಗಟ್ಟಿ ಹಲ್ಲು ಸಿಗಲೇಬೇಕು, ಸಿಮೆಂಟ್ ಮುಚ್ಚಳ ಬಿಗಿಯಾಗಿ ಕೂರುವುದು ಅದರ ಮೇಲೆ. ತಳದಲ್ಲಿ, ಪಲ್ಪಿನ ಹತ್ತಿರ, ಚರ್ಮದಂತೆ ಬಿಗಿಯಾದ ಡೆಂಟೀನ್ ಇದ್ದರೆ ಬಿಡಿ. ಬಣ್ಣ ಕಂದಾಗಿದೆ ಎಂದು ಕೆರೆಯುತ್ತ ಹೋಗಿ ಪಲ್ಪ್ ತೆರೆದುಬಿಡಬೇಡಿ. ಸುತ್ತಲಿನ ಮುಚ್ಚಳ ಬಿಗಿಯಾಗಿದ್ದರೆ ಒಳಗುಳಿದ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ.

ಬಹಳ ಆಳವಿದ್ದು ತಳದಲ್ಲಿ ಪಲ್ಪಿನ ಗುಲಾಬಿ ಛಾಯೆ ಕಂಡರೆ ಆ ಚುಕ್ಕೆಯ ಮೇಲೆ ಮಾತ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತೆಳುವಾಗಿ ಹಚ್ಚಿ. ಕುಳಿಯ ತಳವನ್ನೆಲ್ಲ ಅದರಿಂದ ಸಾರಿಸಿದರೆ ಗ್ಲಾಸ್ ಅಯನೋಮರ್‌ಗೆ ಅಂಟಲು ಹಲ್ಲೇ ಉಳಿಯುವುದಿಲ್ಲ. ಪಲ್ಪ್ ಸಣ್ಣದಾಗಿ ತೆರೆದು, ರಕ್ತ ಬೇಗ ನಿಂತು, ಮೊದಲಿಂದ ನೋವಿಲ್ಲದ ಹಲ್ಲಾದರೆ ತೆರೆದ ಪಲ್ಪನ್ನು ಮುಚ್ಚಲು ಎಂಟಿಎ ಅಥವಾ ಬಯೋಡೆಂಟೀನ್ ಎಂಬ ಸಿಮೆಂಟ್ ಒಳ್ಳೆಯ ಆಯ್ಕೆ. ಎಂಟಿಎ ಪುಡಿ 3ಕ್ಕೆ ನೀರು 1. ಮೂಲ ಎಂಟಿಎ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಬಯೋಡೆಂಟೀನ್ ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ; ಒಂದು ಕ್ಯಾಪ್ಸೂಲಿಗೆ 5 ಹನಿ ದ್ರವ, ಯಂತ್ರದಲ್ಲಿ 30 ಸೆಕೆಂಡ್ ಅಲುಗಾಟ. ದೂರದೂರಿನಿಂದ ಬಸ್ಸಿನಲ್ಲಿ ಬಂದು ಸಂಜೆಯೊಳಗೆ ಹಿಂದಿರುಗಬೇಕಾದ ರೋಗಿಗೆ ಈ 12 ನಿಮಿಷ ದೊಡ್ಡ ಅನುಕೂಲ.

ಈಗ ಕಂಡೀಷನರ್. 10% ಪಾಲಿಅಕ್ರಿಲಿಕ್ ಆಮ್ಲವನ್ನು ಹತ್ತಿಯುಂಡೆಯಲ್ಲಿ ಅದ್ದಿ ಗೋಡೆ, ತಳ, ಅಂಚುಗಳಿಗೆ 20 ಸೆಕೆಂಡ್ ಹಚ್ಚಿ. ಕೆರೆದಾಗ ಮೆತ್ತಿಕೊಂಡ ಹೊಲಸು ಪೊರೆ ಇದರಿಂದ ಹೋಗುತ್ತದೆ. ಎಚ್ಚಿಂಗ್‌ಗೆ (ಹಲ್ಲಿನ ಮೈಯನ್ನು ಆಮ್ಲದಿಂದ ಒರಟಾಗಿಸುವುದಕ್ಕೆ) ಬಳಸುವ 37% ಫಾಸ್ಫಾರಿಕ್ ಆಮ್ಲವನ್ನು ಇದರ ಬದಲಿಗೆ ಬಳಸಬೇಡಿ, ಅದು ಡೆಂಟೀನ್‌ನ ಕ್ಯಾಲ್ಸಿಯಂ ಅನ್ನೇ ಕಿತ್ತು ತೆಗೆಯುತ್ತದೆ. ಈ ಸಿಮೆಂಟಿಗೆ ಅಂಟಲು ಬೇಕಿರುವುದು ಅದೇ ಕ್ಯಾಲ್ಸಿಯಂ. ನೀರಿನಲ್ಲಿ ಅದ್ದಿದ ಹತ್ತಿಯಿಂದ ಎರಡು ಮೂರು ಸಲ ತೊಳೆದು, ಒಣ ಹತ್ತಿಯುಂಡೆಯಿಂದ ಒತ್ತಿ ತೇವ ತೆಗೆಯಿರಿ. ಗಾಳಿ ಊದಬೇಡಿ. ಕುಳಿ ನೀರು ನಿಲ್ಲದೆ ತುಸು ಹೊಳೆಯುವಂತಿರಬೇಕು. ಈ ಹಂತದ ನಂತರ ಜೊಲ್ಲೋ ರಕ್ತವೋ ತಾಕಿದರೆ ಒರೆಸಿ ಮುಂದುವರಿಯುವಂತಿಲ್ಲ. ಮತ್ತೆ ಕಂಡೀಷನರ್, ಮತ್ತೆ ತೊಳೆತ.

ತುಂಬಿ, ಒತ್ತಿ, ಕಾಯುವುದು

ಕಲಸುವುದನ್ನು ಸಹಾಯಕರು ಆರಂಭಿಸುವುದು ಕುಳಿ ಪೂರ್ತಿ ಸಿದ್ಧವಾದ ಮೇಲೆ. ಕಲಸಲು ತೊಡಗಿದಾಗಿನಿಂದ 23 ಡಿಗ್ರಿಯಲ್ಲಿ ಕೈಯಲ್ಲಿರುವ ಸಮಯ ಸುಮಾರು 2 ನಿಮಿಷ. ಬಯಲುಸೀಮೆಯ ಬೇಸಿಗೆ ಮಧ್ಯಾಹ್ನ ಅದಕ್ಕಿಂತ ಕಡಿಮೆ. ಸಿಮೆಂಟನ್ನು ಮೊದಲು ಮೂಲೆಗಳಿಗೆ, ಚಾಚಿದ ಎನಾಮಲ್ಲಿನ ಅಡಿಗೆ ಒತ್ತಿ, ಆಮೇಲೆ ನಡುವೆ ತುಂಬಿ. ತುಸು ಹೆಚ್ಚೇ ಇರಲಿ. ಗ್ಲೌಸ್ ಹಾಕಿದ ತೋರುಬೆರಳಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸಿಮೆಂಟ್ ಪಕ್ಕದ ಸೀಳುಗಳಿಗೂ ಇಳಿದು ಅವನ್ನೂ ಮುಚ್ಚುತ್ತದೆ. ಬೆರಳನ್ನು ನೇರ ಮೇಲಕ್ಕೆತ್ತಿದರೆ ಸಿಮೆಂಟ್ ಜೊತೆಗೇ ಎದ್ದು ಬರಬಹುದು, ಪಕ್ಕಕ್ಕೆ ಜಾರಿಸಿ ತೆಗೆಯಿರಿ.

ಅಂಚಿನಲ್ಲಿ ಉಕ್ಕಿದ್ದನ್ನು ಕಾರ್ವರ್‌ನಿಂದ ತೆಗೆದು, ಇನ್ನೂ ಪೂರ್ತಿ ಗಟ್ಟಿಯಾಗುವ ಮೊದಲೇ ಕಚ್ಚುಕಾಗದದಿಂದ ಎತ್ತರ ನೋಡಿ ಸರಿಪಡಿಸಿ. ಎತ್ತರ ಉಳಿದರೆ ಮೊದಲ ಊಟದಲ್ಲೇ ಅಂಚು ಸಿಡಿಯುತ್ತದೆ. ಕೂಡಲೇ ವಾರ್ನಿಶ್ ಅಥವಾ ಲೈಟಿನಿಂದ ಗಟ್ಟಿಯಾಗುವ ರಾಳದ ಲೇಪ ಹಚ್ಚಿ. ಪೆಟ್ರೋಲಿಯಂ ಜೆಲ್ಲಿಯೂ ನಡೆಯುತ್ತದೆ, ಆದರೆ ನಾಲಿಗೆ ಅದನ್ನು ಬೇಗ ಒರೆಸಿಬಿಡುತ್ತದೆ. ಬರ್‌ನಿಂದ ನುಣುಪು ಮಾಡುವುದಿದ್ದರೆ ಮರುದಿನ ಮಾಡಿ, ಅದೂ ನೀರು ಬಿಡುತ್ತ, ಮತ್ತೆ ಲೇಪ ಹಚ್ಚಿ.

ರೋಗಿಗೆ ಹೇಳುವ ಮಾತು ಅಳತೆಯಲ್ಲಿರಲಿ: ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಒಂದು ದಿನ ಆ ಬದಿಯಲ್ಲಿ ಜಗಿಯಬಾರದು, ಎಲೆಅಡಿಕೆ ಅಷ್ಟು ಹೊತ್ತಾದರೂ ದೂರ. ಆ ರಾತ್ರಿಗೆ ಮುದ್ದೆ, ಸಾರು ಆದರೆ ಜಗಿಯುವ ಮಾತೇ ಇಲ್ಲ.

ಕಾಂಪೋಸಿಟ್ ಹಾಕಲೇಬೇಕಾದಾಗ

ಮುಂಭಾಗದ ಹಲ್ಲು, ಎರಡು ಮುಖದ ದವಡೆ ಕುಳಿ ಇದ್ದಲ್ಲಿ ಕಾಂಪೋಸಿಟ್, ಅಂದರೆ ಬೆಳಕಿನಿಂದ ಗಟ್ಟಿಯಾಗುವ ರಾಳದ ಸಾಮಗ್ರಿ, ಬೇಕಾಗುತ್ತದೆ. ಅದಕ್ಕೆ ತೇವ ಇನ್ನೂ ದೊಡ್ಡ ವೈರಿ. ಬಾಯಿಯೊಳಗಿನ ಉಸಿರಿನ ತೇವವೇ ಬಾಂಡನ್ನು ಕೆಡಿಸಬಲ್ಲದು, ಆದ್ದರಿಂದ ಮಳೆಗಾಲದಲ್ಲಿ ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯ ತೇವದಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಇಲ್ಲದೆ ದವಡೆ ಹಲ್ಲಿಗೆ ಕಾಂಪೋಸಿಟ್ ಹಾಕುವುದನ್ನು ನಾವು ಒಪ್ಪುವುದಿಲ್ಲ. 37% ಫಾಸ್ಫಾರಿಕ್ ಆಮ್ಲ ಡೆಂಟೀನ್ ಮೇಲೆ 15 ಸೆಕೆಂಡ್ ಮೀರಬಾರದು. ಎನಾಮಲ್‌ಗೆ 15ರಿಂದ 30. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಮಚ್ಚೆಬಿದ್ದ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗದು, ಅಲ್ಲಿ ಎನಾಮಲ್ ಮೇಲಿನ ಸಮಯ ಹೆಚ್ಚಿಸಬೇಕು. 2 ಮಿಲಿಮೀಟರಿಗಿಂತ ದಪ್ಪ ಪದರ ಬೇಡ. ಹಿಂದೆ ಲವಂಗದೆಣ್ಣೆಯ ತಾತ್ಕಾಲಿಕ ಸಿಮೆಂಟ್ ಇದ್ದ ಕುಳಿಯಾದರೆ ಉಳಿದ ಯೂಜೆನಾಲ್ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಪ್ಯೂಮಿಸ್‌ನಿಂದ ಉಜ್ಜಿ ತೆಗೆಯಿರಿ.

ಲೈಟನ್ನು ನಂಬುವ ಮೊದಲು ಪರೀಕ್ಷಿಸಿ. ಬೆಳಕಿನ ಬಲ ಅಳೆಯುವ ರೇಡಿಯೋಮೀಟರ್ ಇಲ್ಲದಿದ್ದರೆ 2 ಮಿಲಿಮೀಟರ್ ದಪ್ಪದ ಕಾಂಪೋಸಿಟ್ ಬಿಲ್ಲೆ ಮಾಡಿ, ಮೇಲಿಂದ 20 ಸೆಕೆಂಡ್ ಬೆಳಕು ಕೊಟ್ಟು, ಕೆಳಮೈಯನ್ನು ಪ್ರೋಬ್‌ನಿಂದ ಗೀರಿ ನೋಡಿ. ಗೀರು ಆಳಕ್ಕೆ ಇಳಿದರೆ ಬ್ಯಾಟರಿ ಅಥವಾ ತುದಿ ಸರಿಯಿಲ್ಲ. ತುದಿಗೆ ಹಳೆಯ ಕಾಂಪೋಸಿಟ್ ಅಂಟಿದೆಯೇ ಎಂಬುದನ್ನು ಮೊದಲು ನೋಡಿ.

ಎರಡು ಮುಖದ ಕುಳಿಯಲ್ಲಿ ವಸಡಿನಂಚು ಡೆಂಟೀನ್ ಮೇಲಿದ್ದರೆ ಕೆಳಗೆ ಗ್ಲಾಸ್ ಅಯನೋಮರ್, ಮೇಲೆ ಕಾಂಪೋಸಿಟ್ ಹಾಕುವ ಸ್ಯಾಂಡ್‌ವಿಚ್ ವಿಧಾನ ಮಲೆನಾಡಿಗೆ ಸೂಕ್ತ. ಕೆಳಪದರಕ್ಕೆ ರಾಳ ಸೇರಿಸಿದ ಗ್ಲಾಸ್ ಅಯನೋಮರ್ ಬಳಸಿದರೆ ಮೇಲಿನ ಕಾಂಪೋಸಿಟ್ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಕಾಯುವ ಹೊತ್ತೂ ಉಳಿಯುತ್ತದೆ.

ಶಿಬಿರದಲ್ಲಿ ಒಂದೇ ಮಗುವಿಗೆ ಆರೇಳು ಹುಳುಕು ಇದ್ದು ಕೂರಲು ಹೆದರುತ್ತಿದ್ದರೆ 38% ಸಿಲ್ವರ್ ಡಯಾಮೈನ್ ಫ್ಲೋರೈಡ್ ಹಚ್ಚಿ ಹುಳುಕು ನಿಲ್ಲಿಸಿ, ಇನ್ನೊಂದು ಭೇಟಿಯಲ್ಲಿ ಗ್ಲಾಸ್ ಅಯನೋಮರ್ ತುಂಬಬಹುದು. ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಕಪ್ಪಾದ ಹಲ್ಲಿನ ಚಿತ್ರ ತೋರಿಸಿ, ಪೋಷಕರ ಒಪ್ಪಿಗೆ ಪಡೆದೇ ಹಚ್ಚಿ.

ಮರುಭೇಟಿಯಲ್ಲಿ ನೋಡುವುದು, ದುರಸ್ತಿ

ಆರು ತಿಂಗಳಿಗೊಮ್ಮೆ ಕರೆಯಿರಿ. ವಸಡು ಪರೀಕ್ಷೆಗೆಂದು ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯ ಸಿಪಿಐ ಪ್ರೋಬ್‌ನ ತುದಿಯ ಗುಂಡು 0.5 ಮಿಲಿಮೀಟರ್, ಸಿಮೆಂಟಿನ ಅಂಚಿನ ಸಂದಿಗೆ ಅದು ಇಳಿಯದಿದ್ದರೆ, ಮೇಲ್ಮೈ ಸವೆತವೂ ಅಷ್ಟರೊಳಗೇ ಇದ್ದರೆ ಮುಟ್ಟಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಉಳಿದ ಸಿಮೆಂಟ್ ಗಟ್ಟಿಯಾಗಿದೆಯೇ, ಅಂಚಿನಲ್ಲಿ ಹೊಸ ಮೆತ್ತನೆಯ ಹುಳುಕು ಇದೆಯೇ ನೋಡಿ. ಗಟ್ಟಿಯಿದ್ದರೆ ಪೂರ್ತಿ ಕೀಳುವುದು ಬೇಡ: ಕೊಳೆ ತೆಗೆದು, ಹಳೆ ಸಿಮೆಂಟ್ ಮತ್ತು ಹಲ್ಲು ಎರಡಕ್ಕೂ ಕಂಡೀಷನರ್ 20 ಸೆಕೆಂಡ್ ಹಚ್ಚಿ ತೊಳೆದು, ಹೊಸದಾಗಿ ಕಲಸಿದ ಸಿಮೆಂಟನ್ನು ಮೇಲಿಂದ ಒತ್ತಿ, ಲೇಪ ಹಚ್ಚಿ. ಸುಣ್ಣದಂತೆ ಬೆಳ್ಳಗಿದ್ದು ಪ್ರೋಬ್‌ಗೆ ಉದುರುವ ಮೇಲ್ಮೈಯನ್ನು ಮಾತ್ರ ಗಟ್ಟಿ ತಳ ಸಿಗುವವರೆಗೆ ಕೆರೆದು ತೆಗೆದೇ ಹೊಸ ಪದರ ಹಾಕಬೇಕು. ಇಡಿಯಾಗಿ ಬಿದ್ದಿದ್ದರೆ ಕುಳಿಯನ್ನು ಮೊದಲಿಂದ ಪರೀಕ್ಷಿಸಿ, ಕಾರ್ಡಿನಲ್ಲಿ ಬರೆದ ಬ್ಯಾಚ್ ಸಂಖ್ಯೆ ನೋಡಿ, ಮತ್ತೆ ಕಂಡೀಷನರ್‌ನಿಂದ ಆರಂಭಿಸಿ.